ಆಗಾಗ ಕೈಕೊಡುವ ಮನೆಯ ಯುಪಿಎಸ್: ದೋಷ ಹುಡುಕುವ ಬಗೆ

ಕರೆಂಟ್ ಹೋದಾಗ ಒಮ್ಮೆ ಸರಿಯಾಗಿ ಕೆಲಸ ಮಾಡಿ, ಇನ್ನೊಮ್ಮೆ ಮನೆಯನ್ನು ಕತ್ತಲಲ್ಲಿ ಬಿಡುವ ಯುಪಿಎಸ್, ಪೂರ್ತಿ ಕೆಟ್ಟುನಿಂತ ಯುಪಿಎಸ್‌ಗಿಂತ ಹೆಚ್ಚು ಕಷ್ಟ ಕೊಡುತ್ತದೆ. ಪೂರ್ತಿ ಕೆಟ್ಟಿದ್ದರೆ ರಿಪೇರಿಯವರು ಬಂದ ಕೂಡಲೇ ದೋಷ ಕಣ್ಣಿಗೆ ಬೀಳುತ್ತದೆ. ಆಗಾಗ ಕೈಕೊಡುವ ಯಂತ್ರವಾದರೆ ಅವರು ಮೇನ್ಸ್ (ಹೊರಗಿನಿಂದ ಬರುವ ಕರೆಂಟ್) ಆರಿಸಿ ನೋಡಿದಾಗ ತಕ್ಷಣ ಚಾಲೂ ಆಗುತ್ತದೆ. ಅವರು ಹೋದ ಮೇಲೆ, ಸಂಜೆಯ ಮಳೆಗೆ ಎಲ್ಲೋ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟ್ ಹೋದಾಗ ಮತ್ತೆ ಸುಮ್ಮನಾಗುತ್ತದೆ. ಇಂಥ ಸಂದರ್ಭದಲ್ಲಿ ಸುಲಭವಾಗಿ ಸಿಗುವ ಸಲಹೆ ಹೊಸ ಬ್ಯಾಟರಿ ಹಾಕಿಸಿ ಎಂಬುದು. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದ ಮೇಲೂ ಅದೇ ತೊಂದರೆ ಉಳಿದರೆ ಹಣವೂ ಹೋಯಿತು, ದೋಷವೂ ಉಳಿಯಿತು. ಆದ್ದರಿಂದ ಬ್ಯಾಟರಿಯ ಮೇಲೆ ತೀರ್ಪು ಕೊಡುವ ಮುನ್ನ ಮನೆಯವರೇ ಮಾಡಬಹುದಾದ, ಮಾಡಲೇಬೇಕಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಯುಪಿಎಸ್ ಎಂದು ಕರೆಯುವುದು ಇನ್ವರ್ಟರ್ ಮತ್ತು ಅದರ ಪಕ್ಕದಲ್ಲಿರುವ 12 ವೋಲ್ಟಿನ, 150 ಆಂಪಿಯರ್-ಅವರ್ ಆಸುಪಾಸಿನ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಯ ಜೋಡಿಯನ್ನು. ಈ ಬರಹ ಮುಖ್ಯವಾಗಿ ಅದನ್ನು ಕುರಿತದ್ದು.

ದೋಷ ಏಕೆ ಬಂದು ಹೋಗಿ ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಗೋಡೆಯ ಕಡೆ 230 ವೋಲ್ಟ್ ಇರುವಾಗ 500 ವ್ಯಾಟಿನ ಲೋಡಿಗೆ ಎರಡು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಸಾಕು. ಅದೇ ಲೋಡಿಗೆ 12 ವೋಲ್ಟಿನ ಬ್ಯಾಟರಿ, ಯಂತ್ರದೊಳಗಿನ ನಷ್ಟವನ್ನೂ ಸೇರಿಸಿದರೆ, ಸುಮಾರು 50 ಆಂಪಿಯರ್ ಕೊಡಬೇಕಾಗುತ್ತದೆ. ಬ್ಯಾಟರಿಯ ಟರ್ಮಿನಲ್ ಮತ್ತು ಕೇಬಲ್ಲಿನ ಲಗ್ (ಕೇಬಲ್ಲಿನ ತುದಿಗೆ ಕೂರಿಸಿದ ಲೋಹದ ತುಂಡು) ಸೇರುವಲ್ಲಿ ತುಕ್ಕಿನಿಂದಲೋ ಸಡಿಲದಿಂದಲೋ 0.02 ಓಮ್‌ನಷ್ಟು ಅಲ್ಪ ತಡೆ ಹುಟ್ಟಿಕೊಂಡರೂ ಆ 50 ಆಂಪಿಯರಿಗೆ ಅಲ್ಲಿಯೇ 1 ವೋಲ್ಟ್ ಕಳೆದುಹೋಗುತ್ತದೆ, ಜೊತೆಗೆ 50 ವ್ಯಾಟಿನಷ್ಟು ಶಾಖ ಆ ಒಂದೇ ಕೀಲಿನಲ್ಲಿ ಉತ್ಪತ್ತಿಯಾಗುತ್ತದೆ. ಬ್ಯಾಟರಿಯಲ್ಲಿ 11.6 ವೋಲ್ಟ್ ಇದ್ದರೂ ಯಂತ್ರಕ್ಕೆ ಕಾಣುವುದು 10.6, ಬಹುತೇಕ ಇನ್ವರ್ಟರ್‌ಗಳು 10.5 ವೋಲ್ಟಿನ ಹತ್ತಿರ ಬ್ಯಾಟರಿ ಖಾಲಿಯಾಯಿತೆಂದು ತಿಳಿದು ನಿಂತುಬಿಡುತ್ತವೆ. ಹಗಲಿನಲ್ಲಿ ಒಂದೇ ಒಂದು ಫ್ಯಾನ್ ತಿರುಗುತ್ತಿರುವಾಗ ಹರಿಯುವುದು ಆರೇಳು ಆಂಪಿಯರ್ ಮಾತ್ರವಾದ್ದರಿಂದ ಅದೇ ಕೀಲಿನಲ್ಲಿ ಕಳೆದುಹೋಗುವುದು 0.14 ವೋಲ್ಟ್, ಅಂದರೆ ಲೆಕ್ಕಕ್ಕಿಲ್ಲದಷ್ಟು. ಹಗಲಿನಲ್ಲಿ ಸರಿಯಾಗಿದ್ದ ಯಂತ್ರ ಮನೆಮಂದಿಯೆಲ್ಲ ಸೇರಿದ ಸಂಜೆ ಕೈಕೊಡುವುದು ಹೀಗೆ. ಲೋಡ್ ಇಲ್ಲದೆ ಮಾಡಿದ ಯಾವ ಪರೀಕ್ಷೆಯೂ ಇಂಥ ದೋಷವನ್ನು ತೋರಿಸುವುದಿಲ್ಲ ಎಂಬುದನ್ನು ಕೊನೆಯವರೆಗೂ ನೆನಪಿನಲ್ಲಿಡಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ ಎಚ್ಚರಿಕೆಯ ಮಾತುಗಳು. ಬ್ಯಾಟರಿಯಲ್ಲಿರುವುದು ಗಂಧಕಾಮ್ಲ, ಚಾರ್ಜ್ ಆಗುವಾಗ ಅದರಿಂದ ಜಲಜನಕ ಹೊರಬರುತ್ತದೆ, ಸಣ್ಣ ಕಿಡಿಯಿಂದಲೂ ಅದು ಸಿಡಿಯಬಲ್ಲದು. ಯುಟಿಲಿಟಿ ಜಾಗದಲ್ಲೋ ಮೆಟ್ಟಿಲ ಕೆಳಗಿನ ಗೂಡಿನಲ್ಲೋ ಬ್ಯಾಟರಿ ಇಟ್ಟಿದ್ದರೆ ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಬೇಕು; ಹತ್ತಿರದಲ್ಲಿ ದೀಪ, ಊದುಬತ್ತಿ, ಸಿಗರೇಟು ಯಾವುದೂ ಇರಬಾರದು. ಉಂಗುರ, ಬಳೆ, ಕತ್ತಿನ ಸರಗಳನ್ನು ತೆಗೆದಿಡಬೇಕು, ಏಕೆಂದರೆ 12 ವೋಲ್ಟ್ ಮೈಗೆ ಶಾಕ್ ಕೊಡದಿದ್ದರೂ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿಕೊಂಡ ಲೋಹವನ್ನು ಕ್ಷಣದಲ್ಲಿ ಕೆಂಪಗೆ ಕಾಯಿಸುತ್ತದೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಬೇಕು, ಕನ್ನಡಕ ಮತ್ತು ರಬ್ಬರ್ ಕೈಗವಸು ಧರಿಸಬೇಕು, ಮಕ್ಕಳನ್ನು ದೂರವಿಡಬೇಕು. ಯಂತ್ರದ ಮುಚ್ಚಳವನ್ನಂತೂ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಈಗ ಒಂದು ಹಾಳೆ ತೆಗೆದುಕೊಂಡು, ಯಂತ್ರ ಕೈಕೊಟ್ಟ ಪ್ರತಿ ಸಲವೂ ನಾಲ್ಕು ಸಂಗತಿಗಳನ್ನು ಬರೆದಿಡಲು ಆರಂಭಿಸಬೇಕು: ಆಗ ಗಂಟೆ ಎಷ್ಟು, ಏನೇನು ಚಾಲೂ ಇತ್ತು, ಅದಕ್ಕೂ ಮುಂಚೆ ಕರೆಂಟ್ ಎಷ್ಟು ಹೊತ್ತು ಸತತವಾಗಿ ಇತ್ತು, ಯಂತ್ರದ ಮುಖದ ಮೇಲೆ ಯಾವ ದೀಪ ಅಥವಾ ಯಾವ ಬೀಪ್ ಬಂತು. ಇದು ಬೇಸರದ ಕೆಲಸವೆನಿಸಬಹುದು, ಆದರೆ ಬಂದುಹೋಗುವ ದೋಷವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕೈಕೊಟ್ಟಾಗಲೆಲ್ಲ ಫ್ರಿಜ್ ಅಥವಾ ಮಿಕ್ಸಿ ಚಾಲೂ ಇತ್ತೆಂದು ಕಂಡರೆ ದಾರಿ ಒಂದು, ಓವರ್‌ಲೋಡನ್ನು ಹುಡುಕಬೇಕು. ಹಿಂದಿನ ರಾತ್ರಿ ಬಹಳ ಹೊತ್ತು ಕರೆಂಟ್ ಇರಲಿಲ್ಲವೆಂದು ಕಂಡರೆ ದಾರಿ ಇನ್ನೊಂದು, ಬ್ಯಾಟರಿಗೆ ಚಾರ್ಜ್ ಸಾಲುತ್ತಿದೆಯೇ ಎಂದು ನೋಡಬೇಕು.

ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ದೋಷವಿರುವಂತೆ ಕಾಣಿಸುವ ಕೆಲವು ಸಂದರ್ಭಗಳಿವೆ. ಮೂರು ಫೇಸಿನ ಸಂಪರ್ಕವಿರುವ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಯುಪಿಎಸ್‌ಗೆ ಕರೆಂಟ್ ಬರುವುದು ಮೂರರಲ್ಲಿ ಒಂದು ಫೇಸಿನಿಂದ ಮಾತ್ರ. ಉಳಿದ ಎರಡು ಫೇಸುಗಳು ಹೋಗಿ ಇದೊಂದು ಉಳಿದಿದ್ದರೆ, ಯುಪಿಎಸ್ ಲೈನಿಗೆ ಸೇರದ ಕೋಣೆಗಳೆಲ್ಲ ಕತ್ತಲಾಗುತ್ತವೆ, ಯಂತ್ರ ಮಾತ್ರ ಕರೆಂಟ್ ಇದೆಯೆಂದು ಸುಮ್ಮನಿರುತ್ತದೆ. ಅದು ಸುಮ್ಮನಿರುವುದು ಸರಿಯೇ ಆಗಿದೆ. ಇದರ ತಿರುವುಮುರುವು ಇನ್ನೂ ಮೋಸದ್ದು. ಯುಪಿಎಸ್ ಇರುವ ಫೇಸ್ ಒಂದೇ ಹೋದರೆ ಮನೆಯಲ್ಲಿ ಎಲ್ಲೆಡೆ ದೀಪವಿರುವುದರಿಂದ ಯಾರ ಗಮನಕ್ಕೂ ಬಾರದೆ ಯಂತ್ರ ಗಂಟೆಗಟ್ಟಲೆ ಬ್ಯಾಟರಿಯಲ್ಲಿ ನಡೆಯುತ್ತದೆ, ಸಂಜೆ ನಿಜವಾಗಿ ಎಲ್ಲ ಫೇಸುಗಳೂ ಹೋದಾಗ ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಮೀಟರ್ ಬೋರ್ಡಿನ ಬಳಿ ಇರುವ ಮೂರು ಸೂಚಕ ದೀಪಗಳನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಇದು ತಿಳಿಯುತ್ತದೆ. ಒಂದೇ ಫೇಸ್ ಪದೇಪದೇ ಹೋಗುತ್ತಿದ್ದರೆ ದೋಷ ಕಂಬದಲ್ಲೋ ಸರ್ವಿಸ್ ತಂತಿಯಲ್ಲೋ ಇರುವ ಸಂಭವವಿದೆ, ಬೆಸ್ಕಾಂನ 1912ಕ್ಕೆ ದೂರು ದಾಖಲಿಸಬೇಕು.

ಯಂತ್ರದ ಮೇಲಿರುವ ಸ್ವಿಚ್ಚುಗಳನ್ನೂ ಒಮ್ಮೆ ನೋಡಬೇಕು. ಬಹುತೇಕ ಮನೆಬಳಕೆಯ ಯಂತ್ರಗಳಲ್ಲಿ ಮುಂದಿನ ಸ್ವಿಚ್ ಆರಿಸಿದ್ದರೂ ಮೇನ್ಸ್ ಮನೆಗೆ ಹಾದುಹೋಗುತ್ತಿರುತ್ತದೆ, ಬ್ಯಾಟರಿಯೂ ಚಾರ್ಜ್ ಆಗುತ್ತಿರುತ್ತದೆ. ಕರೆಂಟ್ ಹೋದಾಗ ಮಾತ್ರ ಯಂತ್ರ ಚಾಲೂ ಆಗುವುದಿಲ್ಲ. ನೆಲ ಒರೆಸುವಾಗ ಯಾರದೋ ಕೈ ತಾಗಿ ಸ್ವಿಚ್ ಆರಿಹೋಗಿರುವುದು ಅಪರೂಪವಲ್ಲ. ಹಿಂಬದಿಯಲ್ಲಿ ಯುಪಿಎಸ್ ಮೋಡ್, ಇನ್ವರ್ಟರ್ ಮೋಡ್ ಎಂಬ ಎರಡು ಆಯ್ಕೆಗಳಿದ್ದರೆ ಅದರ ಅರ್ಥವನ್ನು ಸರಿಯಾಗಿ ತಿಳಿದಿರಬೇಕು. ಇನ್ವರ್ಟರ್ ಮೋಡಿನಲ್ಲಿ ಯಂತ್ರ 100 ವೋಲ್ಟ್ ಆಸುಪಾಸಿನವರೆಗೂ ಮೇನ್ಸನ್ನೇ ಒಪ್ಪಿಕೊಳ್ಳುತ್ತದೆ. ಆದ್ದರಿಂದ ವೋಲ್ಟೇಜ್ 130ಕ್ಕೆ ಇಳಿದಾಗ ಫ್ಯಾನ್ ತೆವಳುತ್ತದೆ, ಕಂಪ್ಯೂಟರ್ ಆರಿಹೋಗುತ್ತದೆ, ಯುಪಿಎಸ್ ಕೈಕೊಟ್ಟಿತೆಂದು ನಾವು ಭಾವಿಸುತ್ತೇವೆ. ಯುಪಿಎಸ್ ಮೋಡಿನಲ್ಲಿ ಸುಮಾರು 180 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಗೆ ಬದಲಾಗುತ್ತದೆ, ಬದಲಾವಣೆಯೂ ಬೇಗ ಆಗುತ್ತದೆ. ಆದರೆ ಸಂಜೆಯ ಹೊತ್ತು ವೋಲ್ಟೇಜ್ ಇಳಿಯುವ ಬಡಾವಣೆಯಲ್ಲಿ ಇದೇ ಮೋಡ್ ಬ್ಯಾಟರಿಯನ್ನು ಸದ್ದಿಲ್ಲದೆ ಬರಿದು ಮಾಡಬಲ್ಲದು. ಕಂಪ್ಯೂಟರ್ ಇರುವ ಮನೆಗೆ ಯುಪಿಎಸ್ ಮೋಡ್ ಸೂಕ್ತ, ಆದರೆ ಸಂಜೆಯ ವೋಲ್ಟೇಜನ್ನು ಒಂದು ವಾರ ಅಳೆದು ನೋಡಿದ ಮೇಲೆ ನಿರ್ಧರಿಸುವುದು ಉತ್ತಮ.

ಓವರ್‌ಲೋಡ್ ಇನ್ನೊಂದು ಸಾಮಾನ್ಯ ಕಾರಣ. 900 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದ ಯಂತ್ರ ಸುಮಾರು 700 ವ್ಯಾಟ್ ಮಾತ್ರ ಹೊರಬಲ್ಲದು. ಫ್ರಿಜ್ ನಡೆಯುವಾಗ ಬೇಕಾದದ್ದು 150 ವ್ಯಾಟ್ ಇರಬಹುದು, ಆದರೆ ಅದರ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಕರೆಂಟ್ ಇಲ್ಲದಿರುವಾಗ ಆ ಕ್ಷಣ ಬಂದರೆ ಮಾತ್ರ ಯಂತ್ರ ಕೈಕೊಡುವುದರಿಂದ ಇದು ಬಂದುಹೋಗುವ ದೋಷದಂತೆ ಕಾಣುತ್ತದೆ. ಯುಪಿಎಸ್ ಲೈನಿನಲ್ಲಿರುವ ಪ್ರತಿ ಸಾಕೆಟ್ಟಿಗೂ ಏನು ಸೇರಿದೆ ಎಂದು ಹುಡುಕಿ, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಕೆಟಲ್, ಇಂಡಕ್ಷನ್ ಒಲೆಗಳನ್ನು ಅದರಿಂದ ಬೇರ್ಪಡಿಸಬೇಕು. ಓವರ್‌ಲೋಡ್ ಆಗಿ ಕೆಲವು ಸಲ ಪ್ರಯತ್ನಿಸಿ ನಿಂತ ಯಂತ್ರ ತಾನಾಗಿ ಮತ್ತೆ ಚಾಲೂ ಆಗುವುದಿಲ್ಲ. ಲೋಡ್ ಕಡಿಮೆ ಮಾಡಿ ಮುಂದಿನ ಸ್ವಿಚ್ಚನ್ನು ಆರಿಸಿ ಹಾಕಬೇಕು.

ಬ್ಯಾಟರಿಯ ಬಳಿ

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಬ್ಯಾಟರಿಯ ಕಡೆ ತಿರುಗಬೇಕು. ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸರಿಯಾದ ಅಳತೆಯ ಸ್ಪ್ಯಾನರ್, ಉಪ್ಪುಕಾಗದ, ಅಡುಗೆ ಸೋಡಾ, ವ್ಯಾಸಲೀನ್, ಡಿಸ್ಟಿಲ್ಡ್ ವಾಟರ್, ಸಾಧ್ಯವಾದರೆ ಒಂದು ಹೈಡ್ರೋಮೀಟರ್ (ನೀರಿಗೆ ಹೋಲಿಸಿ ಬ್ಯಾಟರಿಯ ಆ್ಯಸಿಡ್ ಎಷ್ಟು ಸಾಂದ್ರವಾಗಿದೆ ಎಂದು ಅಳೆಯುವ ಉಪಕರಣ). ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಖಂಡಿತ ಸಿಗುತ್ತದೆ.

ಮೊದಲ ಪರೀಕ್ಷೆಯನ್ನು ಏನನ್ನೂ ಬಿಚ್ಚದೆ, ಒರೆಸದೆ ಮಾಡಬೇಕು. ಒಮ್ಮೆ ಟರ್ಮಿನಲ್ ಅಲುಗಾಡಿಸಿದರೆ ದೋಷ ತಾತ್ಕಾಲಿಕವಾಗಿ ಮಾಯವಾಗಿ, ಅದು ಎಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ. ಯುಪಿಎಸ್‌ಗೆ ಮೇನ್ಸ್ ಕೊಡುವ ಸಾಕೆಟ್ಟಿನ ಸ್ವಿಚ್ಚನ್ನು ಆರಿಸಬೇಕು. ಪ್ಲಗ್ಗನ್ನೇ ಕಿತ್ತರೆ ಅರ್ತ್ ಸಂಪರ್ಕವೂ ತಪ್ಪಿಹೋಗುವುದರಿಂದ ಹಾಗೆ ಮಾಡಬಾರದು. ಮೂರು ನಾಲ್ಕು ಫ್ಯಾನ್, ಕೆಲವು ದೀಪಗಳನ್ನು ಹಾಕಿ ಸುಮಾರು 300 ವ್ಯಾಟ್ ಲೋಡ್ ಕೊಟ್ಟು, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ (ಅಂದರೆ ಟರ್ಮಿನಲ್ಲಿನ) ಮೇಲೆಯೂ ಇನ್ನೊಂದನ್ನು ಅದೇ ಕಂಬಕ್ಕೆ ಕಟ್ಟಿದ ಕೇಬಲ್ಲಿನ ಲಗ್ಗಿನ ಮೇಲೆಯೂ ಒತ್ತಿ ಹಿಡಿಯಬೇಕು. ಕೀಲು ಸರಿಯಾಗಿದ್ದರೆ ಮೀಟರ್ ಸೊನ್ನೆಯ ಹತ್ತಿರವೇ ಇರುತ್ತದೆ, 0.1 ವೋಲ್ಟ್ ದಾಟಿದರೆ ಅಲ್ಲಿ ದೋಷವಿದೆಯೆಂದು ತಿಳಿಯಬಹುದು. ಪಾಸಿಟಿವ್ ಕಂಬ, ನೆಗೆಟಿವ್ ಕಂಬ, ಲಗ್ಗಿನೊಳಗೆ ತಂತಿ ಸೇರುವ ಜಾಗ, ಮಧ್ಯದಲ್ಲಿ ಫ್ಯೂಸ್ ಇದ್ದರೆ ಅದರ ಎರಡು ತುದಿಗಳು, ಹೀಗೆ ಒಂದೊಂದನ್ನೂ ಬಿಡದೆ ಅಳೆಯಬೇಕು. ಐದು ನಿಮಿಷ ಲೋಡ್ ಹೊತ್ತ ಮೇಲೆ ಮೇನ್ಸ್ ಹಾಕಿ, ಯಂತ್ರದ ಮುಂದಿನ ಸ್ವಿಚ್ ಆರಿಸಿ, ಕೀಲುಗಳ ಹತ್ತಿರ ಕೈಯನ್ನು ಜಾಗರೂಕತೆಯಿಂದ ತಂದರೆ ದೋಷವಿರುವ ಕೀಲು ಬೆಚ್ಚಗಾಗಿರುವುದೂ ತಿಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವುದು ಈ ಒಂದು ಅಳತೆ. ರಿಪೇರಿಗೆ ಬರುವವರಲ್ಲಿ ಇದನ್ನು ಮಾಡುವವರು ಕಡಿಮೆ ಎಂಬುದು ನಿಜವಾಗಿ ಬೇಸರದ ಸಂಗತಿ.

ದೋಷವಿರುವ ಕೀಲನ್ನು ಸರಿಪಡಿಸಲು ಯುಪಿಎಸ್‌ನ ಮುಂದಿನ ಸ್ವಿಚ್ ಮತ್ತು ಮೇನ್ಸ್ ಎರಡನ್ನೂ ಆರಿಸಿ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಕೇಬಲ್ ಬಿಚ್ಚಬೇಕು. ಟರ್ಮಿನಲ್ ಮೇಲೆ ಬಿಳಿಯ ಅಥವಾ ಹಸಿರು-ನೀಲಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬ್ರಶ್ಶಿನಿಂದ ಹಚ್ಚಬೇಕು. ನೊರೆ ಏಳುವುದು ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸೋಡಾ ನೀರಿನ ಒಂದು ಹನಿಯೂ ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಕಂಬವನ್ನೂ ಲಗ್ಗನ್ನೂ ಲೋಹದ ಹೊಳಪು ಕಾಣುವಷ್ಟು ಉಪ್ಪುಕಾಗದದಿಂದ ಉಜ್ಜಿ, ಪಾಸಿಟಿವ್ ಮೊದಲು ನೆಗೆಟಿವ್ ಕೊನೆಗೆ ಎಂಬ ಕ್ರಮದಲ್ಲಿ ಬಿಗಿಯಾಗಿ ಕಟ್ಟಿ, ಕಟ್ಟಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಬೇಕು. ಕೊನೆಯ ಕೇಬಲ್ ತಾಗಿಸುವಾಗ ಸಣ್ಣ ಕಿಡಿ ಹಾರುವುದು ಸಹಜವಾದ್ದರಿಂದಲೇ ಗಾಳಿಯಾಡುವ ಬಗ್ಗೆ ಮೊದಲು ಅಷ್ಟು ಒತ್ತಿ ಹೇಳಿದ್ದು. ಸೀಸ ಮೃದುವಾದ ಲೋಹ, ಶಕ್ತಿಮೀರಿ ತಿರುಗಿಸಿದರೆ ಕಂಬವೇ ತಿರುಚಿಕೊಳ್ಳುತ್ತದೆ. ಪಾಸಿಟಿವ್, ನೆಗೆಟಿವ್ ಅದಲುಬದಲಾದರೆ ಫ್ಯೂಸ್ ಹೋಗುವುದಷ್ಟೇ ಅಲ್ಲದೆ ಯಂತ್ರವೇ ಸುಡಬಹುದು.

ಕೇಬಲ್ಲಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಯಂತ್ರವನ್ನು ಹಜಾರದಲ್ಲಿಟ್ಟು ಬ್ಯಾಟರಿಯನ್ನು ಬಾಲ್ಕನಿಗೆ ಸಾಗಿಸಿ, ಮಧ್ಯದಲ್ಲಿ ತಂತಿಯನ್ನು ಉದ್ದ ಮಾಡಿರುವ ಮನೆಗಳಿವೆ. 10 ಚದರ ಮಿಲಿಮೀಟರಿನ ತಾಮ್ರದ ತಂತಿಗೂ ಮೀಟರಿಗೆ ಸುಮಾರು 1.8 ಮಿಲಿಓಮ್ ತಡೆಯಿರುತ್ತದೆ. ಹೋಗಿ ಬರುವ ದಾರಿ ಸೇರಿ 8 ಮೀಟರ್ ಆದರೆ 50 ಆಂಪಿಯರಿಗೆ 0.7 ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆಯುತ್ತದೆ. ಬ್ಯಾಟರಿ ಯಂತ್ರದ ಪಕ್ಕದಲ್ಲೇ ಇರಬೇಕು, ಅದು ಸಾಧ್ಯವಿಲ್ಲವಾದರೆ ದಪ್ಪ ತಂತಿ ಹಾಕಿಸಬೇಕು.

ಕೀಲುಗಳು ಸರಿಯಾದ ಮೇಲೆ ಬ್ಯಾಟರಿಯ ಆರೋಗ್ಯ ನೋಡಬಹುದು. ಚಾರ್ಜ್ ನಿಂತ ಕೂಡಲೇ ಅಳೆದರೆ 13 ವೋಲ್ಟ್ ದಾಟಿ ತೋರಿಸುವುದನ್ನು ನಂಬಬಾರದು. ಕೆಲವು ಗಂಟೆ ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ಬಿಟ್ಟ ಮೇಲೆ 12.6ರಿಂದ 12.8 ಇದ್ದರೆ ತುಂಬಿದೆ, 12.2ರ ಹತ್ತಿರವಿದ್ದರೆ ಅರ್ಧ, 11.8ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಬ್ಯಾಟರಿಯಲ್ಲಿರುವುದು ತಲಾ 2.1 ವೋಲ್ಟಿನ ಆರು ಸೆಲ್‌ಗಳು, ಆದ್ದರಿಂದ ತುಂಬಿಸಿ ಬಿಟ್ಟ ಬ್ಯಾಟರಿಯೂ 10.5ರ ಆಸುಪಾಸಿನಲ್ಲಿ ನಿಂತರೆ ಒಂದು ಸೆಲ್ ಸತ್ತಿದೆ, ಅದಕ್ಕೆ ಮದ್ದಿಲ್ಲ. ಆದರೆ ವಿಶ್ರಾಂತಿಯ ವೋಲ್ಟೇಜ್ ಚೆನ್ನಾಗಿದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆಯೆಂದಲ್ಲ. ಅದೇ 300 ವ್ಯಾಟ್ ಲೋಡ್ ಕೊಟ್ಟು ಕಂಬಗಳ ಮೇಲೆಯೇ ಅಳೆಯಬೇಕು: ಒಳ್ಳೆಯ ಬ್ಯಾಟರಿ ಬಹಳ ಹೊತ್ತು 12 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ, ಬಲ ಕುಂದಿದ್ದು ಕೆಲವೇ ನಿಮಿಷಗಳಲ್ಲಿ 11ಕ್ಕಿಂತ ಕೆಳಗೆ ಜಾರುತ್ತದೆ. ಹೈಡ್ರೋಮೀಟರ್ ಇದ್ದರೆ ತುಂಬಿದ ಸೆಲ್‌ಗಳಲ್ಲಿ ಸಾಮಾನ್ಯವಾಗಿ 1.240ರ ಹತ್ತಿರ ತೋರಿಸುತ್ತದೆ, ನಿಖರ ಅಂಕಿಯನ್ನು ಬ್ಯಾಟರಿಯ ಮೇಲಿನ ಚೀಟಿಯಲ್ಲಿ ನೋಡಿಕೊಳ್ಳಬೇಕು. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಹಿಂದಿದ್ದರೆ ತೊಂದರೆ ಆ ಸೆಲ್ಲಿನದು.

ನೀರಿನ ಮಟ್ಟ ತೋರಿಸುವ ತೇಲು ಸೂಚಕಗಳು ಮಟ್ಟವನ್ನು ಮಾತ್ರ ಹೇಳುತ್ತವೆ, ಚಾರ್ಜಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ತುಂಬಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಬೇಕು. ಬೋರ್‌ವೆಲ್ ನೀರು, ಕಾವೇರಿ ನೀರು, ಅಡುಗೆಮನೆಯ ಫಿಲ್ಟರಿನ ನೀರು ಯಾವುದೂ ಸಲ್ಲದು, ಅವುಗಳಲ್ಲಿನ ಲವಣಗಳು ಪ್ಲೇಟುಗಳನ್ನು ಹಾಳುಮಾಡುತ್ತವೆ. ಆ್ಯಸಿಡ್ ಎಂದೂ ಸೇರಿಸಬಾರದು. ನೀರು ತುಂಬಿದ ಕೂಡಲೇ ಹೈಡ್ರೋಮೀಟರ್ ಇಳಿಸಿದರೆ ತಪ್ಪು ಅಂಕಿ ಬರುತ್ತದೆ. ಚಾರ್ಜ್ ಆಗಿ ನೀರು ಬೆರೆತ ಮೇಲೆ ಅಳೆಯಬೇಕು.

ಬ್ಯಾಟರಿ ಬಲಹೀನವಾಗಿ ಕಂಡರೂ ಅದಕ್ಕೆ ಸರಿಯಾಗಿ ಚಾರ್ಜ್ ಸಿಗುತ್ತಿದೆಯೇ ಎಂದು ನೋಡದೆ ತೀರ್ಮಾನಿಸಬಾರದು. ಮೇನ್ಸ್ ಇರುವಾಗ ಕಂಬಗಳ ಮೇಲೆ 13.5ರಿಂದ 14.4 ವೋಲ್ಟ್ ಇರಬೇಕು. ಗಂಟೆಗಳ ನಂತರವೂ 12.4ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ಯಂತ್ರದ ಹಿಂಬದಿಯ ಮೇನ್ಸ್ ಫ್ಯೂಸ್ ಅಥವಾ ಒತ್ತುವ ರಿಸೆಟ್ ಗುಂಡಿ ಟ್ರಿಪ್ ಆಗಿರಬಹುದು, ಸಾಕೆಟ್ ಸಡಿಲವಾಗಿ ಪ್ಲಗ್ಗಿನ ಕಾಲು ಕಪ್ಪಾಗಿರಬಹುದು. ಬರಿದಾದ 150 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ದಿನವೂ ಹಲವು ಸಲ ಕರೆಂಟ್ ಹೋಗುವ ಹೊರವಲಯದ ಬಡಾವಣೆಗಳಲ್ಲಿ ಅಷ್ಟು ಹೊತ್ತು ಸಿಗದೆ, ಅರೆಬರೆ ಚಾರ್ಜಿನಲ್ಲೇ ಉಳಿದ ಪ್ಲೇಟುಗಳ ಮೇಲೆ ಗಟ್ಟಿ ಸಲ್ಫೇಟ್ ಕಟ್ಟಿ ಸಾಮರ್ಥ್ಯ ಕುಗ್ಗುತ್ತದೆ. ಕರೆಂಟ್ ಅಪರೂಪಕ್ಕೆ ಹೋಗುವ ಬಡಾವಣೆಗಳ ತೊಂದರೆ ಬೇರೆ: ತಿಂಗಳುಗಟ್ಟಲೆ ಬಳಕೆಯೇ ಇಲ್ಲದ ಬ್ಯಾಟರಿ ಯಾವಾಗ ಬಲ ಕಳೆದುಕೊಂಡಿತೆಂಬುದು ಏಪ್ರಿಲ್–ಮೇ ತಿಂಗಳ ಮೊದಲ ದೊಡ್ಡ ಮಳೆಯ ರಾತ್ರಿಯವರೆಗೆ ತಿಳಿಯುವುದೇ ಇಲ್ಲ.

ಇವೆಲ್ಲವೂ ಸರಿಯಿದ್ದು, ಮೇನ್ಸ್ ಆರಿಸಿದಾಗ ‘ಟಕ್’ ಎಂಬ ರಿಲೇ (ಮೇನ್ಸಿನಿಂದ ಬ್ಯಾಟರಿಗೆ ಬದಲಿಸುವ ಒಳಗಿನ ಸ್ವಿಚ್) ಸದ್ದು ಬಂದೂ ಮನೆಗೆ ಕರೆಂಟ್ ಬಾರದಿದ್ದರೆ, ಅಥವಾ ಸುಟ್ಟ ವಾಸನೆ ಬಂದರೆ, ದೋಷ ಯಂತ್ರದೊಳಗಿದೆ. ರಿಲೇಯ ಸಂಪರ್ಕಗಳು ಸವೆದಿರಬಹುದು, ಇರುವೆಗಳು ಗೂಡು ಕಟ್ಟಿರಬಹುದು, ಬೆಸುಗೆ ಬಿರುಕು ಬಿಟ್ಟಿರಬಹುದು. ಕರೆಂಟ್ ಮರಳಿ ಬಂದಾಗ ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿಕೆಯಾದರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿದ್ದರೆ ಯುಪಿಎಸ್ ಲೈನಿನ ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲ್ ಜೊತೆ ಸೇರಿಹೋಗಿರುವ ಸಂಭವ ಹೆಚ್ಚು. ಇವೆರಡೂ ತಿಳಿದ ಎಲೆಕ್ಟ್ರಿಷಿಯನ್‌ಗೆ ಬಿಡಬೇಕಾದ ಕೆಲಸಗಳು. ಅವರಿಗೆ ನಿಮ್ಮ ಹಾಳೆಯನ್ನೂ ಅಳತೆಗಳನ್ನೂ ತೋರಿಸಿದರೆ ಊಹೆಯ ಮೇಲೆ ಭಾಗ ಬದಲಾಯಿಸುವ ಪ್ರಸಂಗ ಬರುವುದಿಲ್ಲ.

ಕಂಪ್ಯೂಟರಿನ ಪುಟ್ಟ ಯುಪಿಎಸ್‌ನಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿ. ಮೇನ್ಸ್ ಇದ್ದಾಗ ಚಾಲೂ ಆಗಿ, ಇಲ್ಲದಾಗ ಗುಂಡಿ ಒತ್ತಿದರೂ ಚಾಲೂ ಆಗದಿದ್ದರೆ ಬಹುಪಾಲು ಆ ಬ್ಯಾಟರಿಯ ಆಯಸ್ಸು ತೀರಿದೆ. ಅದಕ್ಕೆ ನೀರು ಹಾಕುವಂತಿಲ್ಲ, ಬದಲಿಸುವುದೊಂದೇ ದಾರಿ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ನಂಥ ಉಪಕರಣವನ್ನು ಅವಲಂಬಿಸಿದವರಿದ್ದರೆ, ಮೇಲಿನ ಪರೀಕ್ಷೆಗಳು ಮುಗಿದು ಯಂತ್ರ ನಂಬಿಕೆಗೆ ಅರ್ಹವೆಂದು ಖಚಿತವಾಗುವವರೆಗೆ ದಯವಿಟ್ಟು ಅದನ್ನು ನೆಚ್ಚಬೇಡಿ. ತುಂಬಿದ ಸಿಲಿಂಡರ್ ಕೈಗೆಟಕುವಲ್ಲಿ ಇರಲಿ.

ದುರಸ್ತಿಯಾದ ಮೇಲೆ ಪೂರ್ತಿ ಚಾರ್ಜ್ ಆಗಲು ಬಿಟ್ಟು, ಸಂಜೆ ಮನೆಯಲ್ಲಿ ವಾಡಿಕೆಯಾಗಿ ಇರುವಷ್ಟೇ ಲೋಡ್ ಹಾಕಿ, ಮೇನ್ಸ್ ಸ್ವಿಚ್ ಆರಿಸಿ ಒಂದು ಗಂಟೆ ನಡೆಸಿ, ಮೊದಲ ಮತ್ತು ಕೊನೆಯ ವೋಲ್ಟೇಜನ್ನು ದಿನಾಂಕದೊಂದಿಗೆ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಬೇಕು. ತಿಂಗಳಿಗೊಮ್ಮೆ ಇದೇ ಪರೀಕ್ಷೆಯನ್ನು ಅದೇ ಲೋಡಿನಲ್ಲಿ ಮಾಡಿದರೆ ಅಂಕಿಗಳು ಇಳಿಯುತ್ತಿರುವುದು ತಾನಾಗಿ ಕಾಣುತ್ತದೆ, ಮಳೆಗಾಲಕ್ಕೆ ಮುನ್ನವೇ ಹೊಸ ಬ್ಯಾಟರಿ ಬೇಕೋ ಬೇಡವೋ ಎಂದು ನಿರ್ಧರಿಸಬಹುದು. ಬದಲಿಸುವುದೇ ಆದರೆ ಹಳೆಯದನ್ನು ಗುಜರಿಗೆ ಹಾಕದೆ, ಅದರ ಆ್ಯಸಿಡನ್ನು ಮೋರಿಗೆ ಚೆಲ್ಲದೆ, ಹೊಸದನ್ನು ಮಾರುವವರಿಗೇ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಹಳೆಯದಕ್ಕೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.